ವಿಮಾನಕ್ಕೆ ಗರಗತ್ತಿ ಎಲೆ

ಬೊಂಬಾಯಿಯಿಂದ ಅಭಯಚಂದ್ರ ಕಳಿಸಿದ ವಿಮಾನ ದಾರಿಯಲ್ಲೇ ಒಡೆದುಹೋಗಿದೆ ಎಂದು ಮನೆಯವರೆಲ್ಲ ನಂಬಿಬಿಟ್ಟರು. ಬೆಳ್ತಂಗಡಿ ಪೇಟೆಯಲ್ಲಿ ವೀರರಾಜನ ಜವಳಿ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ದೀಪಾವಳಿ ವ್ಯಾಪಾರಕ್ಕೆ ಮುಂಚೆ ಅಂಗಡಿಯಲ್ಲಿ ತೂಗುಹಾಕಲು ಏನಾದರೂ ಹೊಸತು ಕಳಿಸು ಎಂದು ಅವನು ಹೆಂಡತಿ ರಾಜಮತಿಯ ತಮ್ಮ ಅಭಯಚಂದ್ರನಿಗೆ ಹೇಳಿಕಳಿಸಿದ್ದ. ರಟ್ಟಿನ ಪೆಟ್ಟಿಗೆಯ ಮೇಲೆ ಮೋಡ ಸೀಳುವ ವಿಮಾನದ ಚಿತ್ರವಿತ್ತು. ಒಳಗೆ ಇದ್ದದ್ದು ಬೂದು ಬಣ್ಣದ ಪ್ಲಾಸ್ಟಿಕ್ ತುಂಡುಗಳು.

ಭಾವಮೈದುನ ಒಡೆದ ಸಾಮಾನನ್ನು ಅಗ್ಗಕ್ಕೆ ಹಿಡಿದು ಕಳಿಸಿದ್ದಾನೆ ಎಂದು ವೀರರಾಜ ಮುಖ ಗಂಟಿಕ್ಕಿದ. ಅವನ ತಾಯಿ ಅನಂತಮತಿ ಪೆಟ್ಟಿಗೆಯನ್ನು ಕೊಟ್ಟಿಗೆಯ ಅಟ್ಟಕ್ಕೆ ಹಾಕಲು ಹೇಳಿದರು. ಹಾಕಲು ಹೋದ ರಾಜಮತಿ ಅಟ್ಟದ ಕೆಳಗೇ ನಿಂತಳು. ಒಡೆದದ್ದಾದರೆ ಅಂಚು ಹೀಗೆ ನೇರ ಇರುತ್ತದೆಯೇ? ಪ್ರತಿಯೊಂದು ತುಂಡೂ ಬಳ್ಳಿಗೆ ಕಾಯಿ ಕಚ್ಚಿಕೊಂಡಂತೆ ಒಂದು ಕಡ್ಡಿಗೆ ಅಂಟಿಕೊಂಡಿತ್ತು. ಇದು ಒಡೆದದ್ದಲ್ಲ, ಇನ್ನೂ ಆಗಬೇಕಾದದ್ದು. ತಮ್ಮನ ಮಾನ ಉಳಿಯಿತೆಂದು ಅವಳಿಗೆ ಸಮಾಧಾನವಾಯಿತು. ಅದಕ್ಕಿಂತ ಹೆಚ್ಚಾಗಿ, ಇದನ್ನು ಈ ಮನೆಯಲ್ಲಿ ತಾನೊಬ್ಬಳೇ ತಿಳಿದೆ ಎಂಬುದು ಎದೆಯೊಳಗೆ ಬೆಚ್ಚಗೆ ಕೂತಿತು.

ಮಧ್ಯಾಹ್ನ ಎಲ್ಲರ ಊಟವಾಗಿ ಅತ್ತೆ ಮಲಗಿದ ಮೇಲೆ ಅವಳು ಅಡುಗೆಮನೆಯ ಹಿಂಬದಿಯ ಜಗಲಿಗೆ ಬರುತ್ತಿದ್ದಳು. ಮೆಟ್ಟುಕತ್ತಿಯನ್ನು ಕಾಲಲ್ಲಿ ಒತ್ತಿ ಹಿಡಿದು ತುಂಡುಗಳನ್ನು ಕಡ್ಡಿಯಿಂದ ಬಿಡಿಸಿದಳು. ಬಿಡಿಸಿದ ಕಡೆಯೆಲ್ಲ ಒಂದೊಂದು ಮೊಳಕೆ ಉಳಿಯಿತು. ಅದನ್ನು ಪಾತ್ರೆ ತಿಕ್ಕುವ ಮರಳಲ್ಲಿ ಉಜ್ಜಿದಾಗ ಪ್ಲಾಸ್ಟಿಕ್ಕಿನ ಮೇಲೆ ಆಳವಾಗಿ ಗೀರು ಬಿತ್ತು. ಅಂದು ಇಡೀ ದಿನ ಯಾರೊಂದಿಗೂ ಮಾತಾಡಲು ಮನಸ್ಸಾಗಲಿಲ್ಲ.

ಮರುದಿನ ತವರು ನೆನಪಾಯಿತು. ಮೂಡುಬಿದಿರೆಯಲ್ಲಿ ಅವಳ ತಾಯಿ ತೆಂಗಿನ ಚಿಪ್ಪಿನ ಸಟ್ಟುಗ ಮಾಡಿದರೆ ಕೊನೆಗೆ ಗರಗತ್ತಿ ಎಲೆಯಲ್ಲಿ ಉಜ್ಜುತ್ತಿದ್ದರು. ಬೆಕ್ಕಿನ ನಾಲಗೆಯಂತೆ ಒರಟಾದ ಎಲೆ ಅದು. ಇಲ್ಲಿಯೂ ಬೇಲಿಯ ಆಚೆ ಆ ಮರ ಇತ್ತು. ಬಲಿತ ಎಲೆಯನ್ನು ನೀರಲ್ಲಿ ನೆನೆಸಿ ಮೊದಲು ತಿಕ್ಕುವುದು, ಆಮೇಲೆ ಎಳೆಯ ಎಲೆ, ಕೊನೆಗೆ ಬಟ್ಟೆಯಲ್ಲಿ ಜರಡಿ ಹಿಡಿದ ಬೂದಿ. ಒಣ ಎಲೆಯಲ್ಲಿ ಉಜ್ಜಿದರೆ ಪ್ಲಾಸ್ಟಿಕ್ ಬಿಸಿಯಾಗಿ ನೂಲೇಳುತ್ತಿತ್ತು. ಒದ್ದೆ ಮಾಡಿದರೆ ಹಾಲಿನಂಥ ನೀರು ಇಳಿದು ಮೈ ತಾನಾಗಿ ನಯವಾಗುತ್ತಿತ್ತು. ಕುಡಿಯಲೆಂದು ಬಟ್ಟೆಯಲ್ಲಿ ಸೋಸಿಟ್ಟ ನೀರನ್ನು ಹೀಗೆ ಚೆಲ್ಲುವುದೇ ಎಂದು ಒಂದು ದಿನ ಎಚ್ಚೆತ್ತ ಅತ್ತೆ ಗದರಿದರು.

"ಸಟ್ಟುಗ ತಿಕ್ಕುವ ಕೈಯಲ್ಲಿ ವಿಮಾನ ಮಾಡ್ತಾಳಂತೆ. ನಾಡಿದ್ದು ಅದರಲ್ಲೇ ಕೂತು ಮೂಡುಬಿದಿರೆಗೆ ಹಾರ್ತಾಳೆ."

"ನಿಮಗೂ ಜಾಗ ಉಂಟು ಅತ್ತೆ" ಎಂದು ರಾಜಮತಿ ತಲೆ ಎತ್ತದೆ ಹೇಳಿದಳು. ಮದುವೆಯಾಗಿ ಬಂದಂದಿನಿಂದ ಅವಳು ಅತ್ತೆಗೆ ಎದುರುತ್ತರ ಕೊಟ್ಟದ್ದು ಅದೇ ಮೊದಲು.

ಕಷ್ಟವೆಂದರೆ ವಿಮಾನದ ಮೈಯ ಎರಡು ಅರ್ಧಗಳು ಸೇರುವ ಗೆರೆ. ಪೆಟ್ಟಿಗೆಯಲ್ಲೇ ಬಂದಿದ್ದ ಅಂಟು ಉಬ್ಬಿ ಅಲ್ಲಿ ಒಂದು ಏಣು ಎದ್ದಿತ್ತು. ಉಜ್ಜಿ ಕಣ್ಣಿಗೆ ಮರೆಯಾದ ಮೇಲೂ ಉಗುರಿಗೆ ತಡೆಯುತ್ತಿತ್ತು. ಅವಳು ಕಣ್ಣು ಮುಚ್ಚಿ ಉಗುರು ಎಳೆದು ನೋಡುತ್ತಿದ್ದಳು. ತಡೆದ ಕಡೆ ಮತ್ತೆ ಎಲೆ. ಸೀರೆಯ ಬಣ್ಣದಿಂದ ಹಿಡಿದು ಮಗಳ ಹೆಸರಿನವರೆಗೆ ಅವಳಿಗೆ ಸರಿಯೆನಿಸಿದೆಯೇ ಎಂದು ಯಾರೂ ಕೇಳಿರಲಿಲ್ಲ. ಈಗ ಸರಿಯಾಯಿತೇ ಇಲ್ಲವೇ ಎಂದು ಹೇಳಬೇಕಾದವಳು ಅವಳೊಬ್ಬಳೇ. ಇಲ್ಲ, ಇನ್ನೂ ಆಗಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುವುದರಲ್ಲಿ ಎಂಥದೋ ಸುಖವಿತ್ತು.

ಮುಗಿದ ದಿನ ವೀರರಾಜನೇ ಬೆರಗಾದ. ಬಾಲದಿಂದ ಮೂತಿಯವರೆಗೆ ಒಂದೇ ಅಚ್ಚಿನಲ್ಲಿ ಎರೆದಂತಿತ್ತು. ಅಂಗಡಿಗೆ ಬೇಕು ಎಂದ. ರಾಜಮತಿ ಕೇಳಿದ್ದು ಒಂದೇ: ಯಾರು ಮಾಡಿದ್ದೆಂದು ಯಾರಾದರೂ ವಿಚಾರಿಸಿದರೆ ನಿಜ ಹೇಳಬೇಕು. ಅದಕ್ಕೇನಂತೆ ಎಂದು ಅವನು ಒಪ್ಪಿ ತೆಗೆದುಕೊಂಡು ಹೋದ.

ಮನೆ ಮತ್ತು ಅಂಗಡಿಯ ನಡುವಿನ ಬಾಗಿಲಿಗೆ ಪರದೆ. ವ್ಯಾಪಾರದ ಹೊತ್ತಿನಲ್ಲಿ ಹೆಂಗಸರು ಪರದೆ ದಾಟುವುದಿಲ್ಲ ಎಂಬುದು ಆ ಮನೆಯ ಕ್ರಮ. ಮೂರನೆಯ ದಿನ ಪರದೆಯ ಹಿಂದಿನಿಂದ ಅವಳಿಗೆ ಗಂಡನ ಮಾತು ಕೇಳಿಸಿತು. ಪುಂಜಾಲಕಟ್ಟೆಯಿಂದ ಸೀರೆಗೆ ಬಂದಿದ್ದ ಪೂವಮ್ಮ ವಿಮಾನ ಯಾರು ಮಾಡಿದ್ದೆಂದು ಕೇಳಿದ್ದಳು.

"ಮಾಡುವುದೆಂಥದ್ದು? ಬೊಂಬಾಯಿಯಿಂದ ಹಾಗೆಯೇ ತಯಾರಾಗಿ ಬಂದದ್ದು. ನಮ್ಮ ಊರಲ್ಲಿ ಇಂಥದ್ದು ಮಾಡುವವರು ಯಾರುಂಟು?"

ರಾಜಮತಿ ಪರದೆ ಸರಿಸಿ ನೋಡಿದಳು. ರೆಕ್ಕೆಗಳ ಅಡಿಯಲ್ಲಿ ಕೆಂಪು ಬಣ್ಣದ ದಪ್ಪ ಅಕ್ಷರ: ಒಂದರಲ್ಲಿ ವೀರರಾಜ, ಇನ್ನೊಂದರಲ್ಲಿ ಜವಳಿ ಅಂಗಡಿ. ಅವಳು ಕಣ್ಣು ಮುಚ್ಚಿ ನಯ ಮಾಡಿದ ಮೈಯ ಮೇಲೆ ಬಣ್ಣ ಹನಿಗಟ್ಟಿ ಒಣಗಿತ್ತು.

ಅವಳು ಹಿಂದಕ್ಕೆ ಹೋದಳು. ಅತ್ತೆಗೆ ಅವಳು ಸೋತು ಒಳಗೆ ಬಂದಂತೆ ಕಂಡಿರಬೇಕು. ಗಂಡಸರ ವ್ಯಾಪಾರದ ಮಾತಿಗೆ ಬೇಜಾರು ಮಾಡಬಾರದೆಂದರು. ರಾಜಮತಿ ಚೆಂಬಿನಲ್ಲಿ ಸೋಸಿದ ನೀರನ್ನೇ ತುಂಬಿಸಿಕೊಂಡಳು. ಉಳಿದಿದ್ದ ಗರಗತ್ತಿ ಎಲೆಗಳನ್ನು ಅದರಲ್ಲಿ ಮುಳುಗಿಸಿ, ಬೂದಿಯ ಗಂಟನ್ನೂ ತೆಗೆದುಕೊಂಡು ಪರದೆ ದಾಟಿದಳು.

ಅವಳು ಬಟ್ಟೆ ಅಳೆಯುವ ಗಜದ ಕೋಲಿನಿಂದ ವಿಮಾನವನ್ನು ಕೊಕ್ಕೆಯಿಂದ ಬಿಡಿಸಿ, ಗಿರಾಕಿಗಳು ಕೂರುವ ಚಾಪೆಯ ಮೇಲೆ, ಬೀದಿಯ ಬೆಳಕು ಬೀಳುವಲ್ಲಿ ಕೂತಳು. ಒದ್ದೆ ಎಲೆಯನ್ನು ಗಂಡನ ಹೆಸರಿನ ಮೊದಲ ಅಕ್ಷರದ ಮೇಲೆ ಇಟ್ಟಳು. ಅವಸರದಲ್ಲಿ ತಿಕ್ಕಿದರೆ ಗೀರು ಬೀಳುತ್ತದೆ. ಹಗುರವಾಗಿ, ಒಂದೇ ದಿಕ್ಕಿಗೆ ತಿಕ್ಕಲು ಶುರುಮಾಡಿದಳು. ಕೆಂಪು ನೀರು ಚಾಪೆಗೆ ಇಳಿಯಿತು.

ವೀರರಾಜ ಬಗ್ಗಿ, ನಗುಮುಖ ಬಿಡದೆ, ತಗ್ಗಿದ ದನಿಯಲ್ಲಿ ಹೇಳಿದ: "ಒಳಗೆ ಹೋಗು. ರಾತ್ರಿ ಮಾತಾಡುವ."

"ಸುಳ್ಳು ಹೇಳಿದ್ದು ಇಲ್ಲಿ. ಮಾತೂ ಇಲ್ಲಿಯೇ ಆಗಲಿ."

"ಅದು ಹಾಳಾಗ್ತದೆ."

"ಹಾಳಾಗಿತ್ತು. ಸರಿ ಮಾಡ್ತಾ ಇದ್ದೇನೆ."

ಪೂವಮ್ಮ ಕೈಯಲ್ಲಿದ್ದ ಸೀರೆ ಬಿಟ್ಟು ಹತ್ತಿರ ಬಂದು ಕೂತಳು. ಸ್ವಲ್ಪ ಹೊತ್ತು ರಾಜಮತಿಯ ಬೆರಳುಗಳನ್ನೇ ನೋಡಿದಳು. "ಗರಗತ್ತಿಯಾ ಅಕ್ಕ? ಹಾಗಾದರೆ ಬೊಂಬಾಯಿಯಲ್ಲಿ ನಮ್ಮ ಗರಗತ್ತಿ ಮರ ಉಂಟಾ?" ಎಂದು ಕೇಳಿದಳು. ಕೇಳಿದ್ದು ರಾಜಮತಿಯನ್ನು, ನೋಡಿದ್ದು ವೀರರಾಜನನ್ನು. ಯಾರೋ ಕಿಸಕ್ಕೆಂದರು.

"ನನಗಲ್ಲ, ಅವರಿಗೆ ಕೇಳಿ" ಎಂದಳು ರಾಜಮತಿ. "ಇದು ಎಲ್ಲಿಂದ ಬಂತೆಂದು ಅವರು ಹೇಳ್ತಾರೆ."

ವೀರರಾಜ ಮಡಿಸಿಟ್ಟ ಸೀರೆಯನ್ನು ಬಿಚ್ಚಿ ಮತ್ತೆ ಮಡಿಸಿದ. ಪರದೆಯ ಬಳಿ ಅತ್ತೆ ಬಂದು ನಿಂತದ್ದನ್ನೂ, ಬೀದಿಯಲ್ಲಿ ಇಬ್ಬರು ಮೂವರು ಇಣುಕುತ್ತಿದ್ದದ್ದನ್ನೂ ರಾಜಮತಿ ಬಲ್ಲಳು. ಅವಳು ಕಣ್ಣು ಮುಚ್ಚಿ ರೆಕ್ಕೆಯ ಮೇಲೆ ಉಗುರು ಎಳೆದಳು. ಒಂದು ಕಡೆ ತಡೆಯಿತು. ಅಲ್ಲಿ ಎಳೆಯ ಎಲೆ ಆಡಿಸಿ, ಬೂದಿಯಲ್ಲಿ ಒರೆಸಿ ಮತ್ತೆ ಎಳೆದಳು.

"ಒಳಗಿನದ್ದೇ" ಎಂದ ವೀರರಾಜ ಕೊನೆಗೆ, ಸೀರೆಯ ಕಡೆಗೆ ನೋಡುತ್ತ. "ಮನೆಯವಳು ಮಾಡಿದ್ದು."

ಪೂವಮ್ಮ ನಯವಾದ ರೆಕ್ಕೆಯನ್ನು ಮುಟ್ಟಿ ನೋಡಿದಳು. ಇನ್ನು ಎದ್ದು ಒಳಗೆ ಹೋಗಬಹುದಲ್ಲ ಎಂಬಂತೆ ವೀರರಾಜ ಪರದೆಯನ್ನು ಎತ್ತಿ ಹಿಡಿದು ನಿಂತ. ಇನ್ನೊಂದು ರೆಕ್ಕೆ ಬಾಕಿ ಇತ್ತು. ರಾಜಮತಿ ವಿಮಾನವನ್ನು ತಿರುಗಿಸಿ ಹಿಡಿದು, ಚೆಂಬಿನಿಂದ ಹೊಸ ಎಲೆ ತೆಗೆದಳು.