ಒಲೆ ಉರಿಯುತ್ತದೆಯೇ, ಇಲ್ಲವೇ

ನಮ್ಮ ಅರ್ಜಿ ಕೆಟ್ಟಿದ್ದು ನನ್ನ ಬಾಯಿಂದ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಪಕ್ಕದ ಮನೆಯ ಆರ್ವಿಲ್ ಹೇಳುತ್ತಾನೆ, ಅವನು ಹೇಳಿದರೆ ಒಂದಕ್ಕೆ ಎರಡು ಸೇರಿರುತ್ತದೆ.

ಆರೆಗನ್ನಿನ ಗುಡ್ಡಗಳ ನಡುವಿನ ತಗ್ಗಿನಲ್ಲಿ ನಮ್ಮೂರು. ಮನೆಮನೆಗೂ ಕಬ್ಬಿಣದ ಕಟ್ಟಿಗೆ ಒಲೆ. ಚಳಿಗಾಲ ಬಂತೆಂದರೆ ಊರವರ ಹೊಗೆಯೆಲ್ಲ ಮೇಲೆ ಹೋಗಲು ದಾರಿಯಿಲ್ಲದೆ ನಮ್ಮ ತಲೆಯ ಮೇಲೇ ಕೂರುತ್ತದೆ. ಅದಕ್ಕೆಂದು ಕೌಂಟಿ ಆಡಳಿತದವರು ಒಂದು ಯೋಜನೆ ತಂದರು: ಹಳೆ ಒಲೆ ಕೊಟ್ಟುಬಿಡಿ, ನಿಮ್ಮ ಗೋಡೆಗೆ ಹೀಟ್ ಪಂಪ್ ಹಾಕಿಸಿಕೊಡುತ್ತೇವೆ. ನೋಡಲು ಎ.ಸಿ.ಯ ಹಾಗೇ ಇರುತ್ತದೆ, ಒಳಗೊಂದು ಪೆಟ್ಟಿಗೆ, ಹೊರಗೊಂದು ಪೆಟ್ಟಿಗೆ. ಹೊರಗೆ ಹಿಮ ಬೀಳುತ್ತಿದ್ದರೂ ಮನೆಯೆಲ್ಲ ಬೆಚ್ಚಗೆ, ಬೆಂಕಿಯ ಗೊಡವೆಯೇ ಇಲ್ಲ. ಆದಾಯ ಕಡಿಮೆ ಇದ್ದವರಿಗೆ ಪೂರ್ತಿ ಪುಕ್ಕಟೆ. ಕೈಯಿಂದ ಖರ್ಚುಮಾಡಿ ಹಾಕಿಸುವುದಾದರೆ ಐದು ಸಾವಿರ ಡಾಲರು. ಡೆಲ್ಮರನ ಪಿಂಚಣಿಯಲ್ಲಿ ಅದು ಈ ಜನ್ಮಕ್ಕೆ ಆಗುವ ಮಾತಲ್ಲ.

ಡೆಲ್ಮರ್ ನನ್ನ ಗಂಡ. ಮೂವತ್ತೆಂಟು ವರ್ಷ ಪ್ಲೈವುಡ್ ಮಿಲ್ಲಿನಲ್ಲಿ ಮರದ ಪುಡಿ ಕುಡಿದು ಶ್ವಾಸಕೋಶ ಕೆಡಿಸಿಕೊಂಡವನು. ಎರಡು ವರ್ಷದ ಹಿಂದೆ ಡಾಕ್ಟರು ಮನೆಗೆ ಆಮ್ಲಜನಕದ ಯಂತ್ರ ಬರೆದುಕೊಟ್ಟರು. ಮೂಗಿಗೆ ಕೊಳವೆ ಸಿಕ್ಕಿಸಿಕೊಂಡೇ ಈಗ ಅವನ ಓಡಾಟ. ಆಮ್ಲಜನಕ ಇರುವ ಕಡೆ ಒಂದು ಕಿಡಿ ಹಾರಿದರೂ ಮನೆ ಹೊತ್ತಿಕೊಳ್ಳುತ್ತದೆ, ಒಲೆ ಹಚ್ಚಲೇಬೇಡಿ ಎಂದು ಡಾಕ್ಟರು ಮೂರು ಸಲ ಹೇಳಿದರು. ಅಂದಿನಿಂದ ಒಲೆ ತಣ್ಣಗೆ ಕೂತಿದೆ. ಕರೆಂಟಿನ ಹೀಟರ್ ಒಂದಿದೆ, ಅದು ಅವನ ಕೋಣೆಯಲ್ಲಿ. ಇನ್ನೊಂದು ಹಾಕಿದರೆ ಬಿಲ್ಲು ನೋಡಿ ನನಗೂ ಆಮ್ಲಜನಕ ಬೇಕಾಗುತ್ತದೆ. ನನ್ನ ಮೈಯಲ್ಲಿ ಬೇಕಾದಷ್ಟು ಕೊಬ್ಬಿದೆ, ಚಳಿ ಹತ್ತಿರ ಸುಳಿಯುವುದಿಲ್ಲ ಎಂದು ಅವನಿಗೆ ಹೇಳಿದ್ದೆ.

ಹೋದ ಜನವರಿಯಲ್ಲಿ ಆ ಒಂದು ಹೀಟರ್ ಸಾಲದೆ ಅವನಿಗೆ ನ್ಯುಮೋನಿಯಾ ಆಯಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನೊಂದು ಚಳಿಗಾಲ ಹೀಗೇ ಕಳೆಯೋದು ಬೇಡ ಎಂದರು. ಡಾಕ್ಟರು ಹೊರಗೆ ಕರೆದು ಹೇಳುವ ಮಾತಿನ ಅರ್ಥ ನನಗೆ ಗೊತ್ತು. ನಾನೂ ನನ್ನ ಅಪ್ಪ ಅಮ್ಮ ಇಬ್ಬರನ್ನೂ ಕಳಿಸಿಕೊಟ್ಟವಳೇ.

ಹಾಗಾಗಿ ಅರ್ಜಿ ಹಾಕಿದೆ. ಸೆಪ್ಟೆಂಬರಿನಲ್ಲಿ ಕಚೇರಿಯಿಂದ ಒಬ್ಬಾತ ಫೋನ್ ಮಾಡಿದ. ಮನೆ ಯಾರ ಹೆಸರಿನಲ್ಲಿದೆ, ಆದಾಯ ಎಷ್ಟು, ಒಲೆ ಎಷ್ಟು ವರ್ಷದ್ದು, ಎಲ್ಲ ಕೇಳಿದ. ಎಲ್ಲದಕ್ಕೂ ನೆಟ್ಟಗೆ ಉತ್ತರ ಕೊಟ್ಟೆ. ಆಮೇಲೆ ಕೇಳಿದ, "ಒಲೆ ಈಗ ಉರಿಸ್ತಾ ಇದೀರಾ ಮೇಡಂ?"

"ಎರಡು ವರ್ಷದಿಂದ ಇಲ್ಲ."

"ಓ. ಉರಿಯೋ ಒಲೆ ಬಿಟ್ಟುಕೊಡೋರಿಗೆ ಮಾತ್ರ ಈ ಸಹಾಯ, ಮೇಡಂ. ಊರಲ್ಲಿ ಹೊಗೆ ಕಮ್ಮಿ ಆಗ್ಬೇಕು ಅಂತಲೇ ಯೋಜನೆ ಮಾಡಿರೋದು. ಆದ್ರೆ..."

"ಅಂದ್ರೆ ಹೊಗೆ ಬಿಟ್ಟೋರಿಗೆ ಬಹುಮಾನ, ಬಿಡದೆ ಇದ್ದೋರ ಕೈಗೆ ಚಿಪ್ಪು. ಬಹಳ ಚೆನ್ನಾಗಿದೆ ಕಣಪ್ಪ ನಿಮ್ಮ ನ್ಯಾಯ," ಎಂದು ಫೋನ್ ಕುಕ್ಕಿದೆ.

ವಾರದಲ್ಲಿ ಕಾಗದ ಬಂತು, ನಿಮ್ಮ ಅರ್ಜಿ ಯೋಜನೆಗೆ ಒಳಪಡುವುದಿಲ್ಲ ಎಂದು. ತಕರಾರಿದ್ದರೆ ಬರೆಯಬಹುದು ಎಂದಿತ್ತು. ನನಗೆ ಅಷ್ಟು ಸಾಕಾಯಿತು. ಎರಡು ಹಾಳೆ ತುಂಬ ಬೈದು ಬರೆದೆ. ಅದಕ್ಕೆ ಅವರು ಶಾಂತವಾಗಿ, ಅಕ್ಟೋಬರಿನ ಎರಡನೆಯ ಮಂಗಳವಾರ ನಮ್ಮವರು ಬಂದು ಒಲೆ ನೋಡಿ ತೀರ್ಮಾನ ಮಾಡುತ್ತಾರೆ ಎಂದು ಉತ್ತರ ಬರೆದರು. ಬೈದರೆ ಕೆಲಸ ಆಗುತ್ತದೆ ನೋಡು ಎಂದು ಡೆಲ್ಮರನಿಗೆ ಕಾಗದ ತೋರಿಸಿದೆ. ಅವನು ಓದಿ ಮಡಿಸಿ ಕೊಟ್ಟ.

ಸೋಮವಾರ ಸಂಜೆ ಆರ್ವಿಲ್ ಬಂದ. ಕಂಕುಳಲ್ಲಿ ಸಣ್ಣಗೆ ಸೀಳಿದ ದೇವದಾರು ಚಕ್ಕೆಯ ಕಟ್ಟು. ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಕೂತ.

"ನಾಳೆ ಅವ್ರು ಬರೋಕೆ ಮುಂಚೆ ಒಂದು ಗಂಟೆ ಒಲೆ ಹಚ್ಚು. ಡೆಲ್ಮರನ್ನ ನಮ್ಮನೇಲಿ ಕೂರಿಸ್ತೀನಿ. ಬರ್ತಾರೆ, ನೋಡ್ತಾರೆ, ಬರ್ಕೊಂಡು ಹೋಗ್ತಾರೆ. ಮುಗೀತು."

"ಉರಿಸಲ್ಲ ಅಂತ ನಾನೇ ಹೇಳಿದೀನಿ ಕಣೋ. ಈಗ ಉರಿಸ್ತೀವಿ ಅಂದ್ರೆ ಮುಖ ಎಲ್ಲಿಟ್ಕೊಳ್ಳಿ?"

"ಈಗ ಇರೋ ಜಾಗದಲ್ಲೇ ಇಟ್ಕೋ. ಪಕ್ಕದಲ್ಲಿ ಗಂಡನೂ ಬದುಕಿರ್ತಾನೆ."

ಆ ಮಾತು ಚುಚ್ಚಿತು. ಆದರೂ ಆಗುವುದಿಲ್ಲ ಎಂದೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಒಳ್ಳೆಯವಳೆಂದು ಅಲ್ಲ, ಹೇಳಿದ ಕೂಡಲೇ ಕಿವಿಯವರೆಗೆ ಕೆಂಪಾಗಿ ಸಿಕ್ಕಿಬೀಳುತ್ತೇನೆ. ಚರ್ಚಿನಲ್ಲಿ ಪಾದ್ರಿಯ ಹೆಂಡತಿ ಮಾಡಿದ ಹಣ್ಣಿನ ಪೈ ಚೆನ್ನಾಗಿದೆ ಎನ್ನಲೂ ನನ್ನಿಂದ ಆಗಿಲ್ಲ. "ಇದ್ದದ್ದು ಇದ್ದಹಾಗೆ ಹೇಳ್ತೀನಿ. ಬೇಕಾದ್ರೆ ಕೈ ಮುಗಿದು ಕೇಳ್ತೀನಿ," ಎಂದೆ.

"ನೀನು, ಕೈ ಮುಗಿಯೋದು," ಎಂದು ನಗುತ್ತ ಎದ್ದ ಆರ್ವಿಲ್, ಚಕ್ಕೆಯ ಕಟ್ಟನ್ನು ಬೇಕೆಂದೇ ಬಾಗಿಲ ಹತ್ತಿರ ಬಿಟ್ಟುಹೋದ. ಗೋಡೆಯ ಆಚೆ ಡೆಲ್ಮರ್ ಮಲಗಿದ್ದ. ನಿದ್ದೆ ಮಾಡಿದ್ದಾನೆ ಎಂದುಕೊಂಡೆ.

ಮಂಗಳವಾರ ಹತ್ತಕ್ಕೆ ಬರುತ್ತೇವೆಂದಿದ್ದರು. ನಮ್ಮ ಮನೆಯ ತಿರುವು ಯಾರಿಗೂ ಸಿಗುವುದಿಲ್ಲ, ಹೊಸಬರು ನೇರ ಹೊಳೆಯವರೆಗೆ ಹೋಗಿ ವಾಪಸ್ ಬರುತ್ತಾರೆ. ಡೆಲ್ಮರನಿಗೆ ಕೊಳವೆ ಸರಿಮಾಡಿ, ರಜಾಯಿ ಹೊದಿಸಿ, ರಸ್ತೆಗೆ ಹೋಗಿ ನಿಲ್ಲುತ್ತೇನೆ ಎಂದೆ.

"ಹೋಗ್ಬಾ. ನಾನೇನು ಓಡಿಹೋಗ್ತೀನಾ?" ಎಂದ.

ರಸ್ತೆಯಲ್ಲಿ ನಿಂತು, ಹೇಳಬೇಕಾದ್ದನ್ನು ನಾಲ್ಕು ಸಲ ಒಳಗೇ ಹೇಳಿಕೊಂಡೆ. ದಯವಿಟ್ಟು ಎನ್ನುವ ಮಾತು ಪ್ರತಿಸಲವೂ ಬಿಟ್ಟುಹೋಗುತ್ತಿತ್ತು. ಹತ್ತೂವರೆಗೆ ಒಂದು ಬಿಳಿ ಕಾರು ಬಂತು. ಒಳಗೆ ಮೂವತ್ತರ ಆಸುಪಾಸಿನ ಹೆಂಗಸು, ತೊಡೆಯ ಮೇಲೆ ಕಾಗದದ ಕಟ್ಟು. ಹೆಸರು ಮರಿಸೆಲಾ ಎಂದಳು. ಬನ್ನಿ ಕೂತ್ಕೊಳ್ಳಿ ಎಂದು ಪಕ್ಕದ ಬಾಗಿಲು ತೆಗೆದಳು. ತಿರುವು ದಾಟಿ ಮನೆ ಕಾಣುತ್ತಿದ್ದಂತೆ ಅವಳೇ ಕೇಳಿದಳು, "ಆ ಕಿಟಕಿ ಸಂದಿಯಿಂದ ಬರ್ತಿರೋದು ಹೊಗೆನಾ?"

ನಾನು ಕಾರು ನಿಲ್ಲುವ ಮೊದಲೇ ಇಳಿದೆ. ಮೊಣಕಾಲು ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. ಬಾಗಿಲು ತೆಗೆದರೆ ಒಳಗೆ ಎದುರಿಗಿದ್ದವರು ಕಂಡೂ ಕಾಣದಷ್ಟು ಹೊಗೆ. ಎರಡು ವರ್ಷ ಮುಟ್ಟದ ಹೊಗೆಕೊಳವೆಯೊಳಗೆ ಹಕ್ಕಿ ಗೂಡು ಕಟ್ಟಿತ್ತೋ ಏನೋ, ಹೊಗೆ ಮೇಲೆ ಹೋಗದೆ ಮನೆಗೇ ತಿರುಗಿತ್ತು. ಡೆಲ್ಮರ್ ಒಲೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಮೂಗಿನಲ್ಲಿ ಕೊಳವೆ ಇರಲಿಲ್ಲ. ಬೆಂಕಿಗೆ ಅದು ಆಗುವುದಿಲ್ಲ ಎಂದು ಯಂತ್ರ ಆರಿಸಿ, ಕೋಣೆಯ ಬಾಗಿಲು ಭದ್ರವಾಗಿ ಹಾಕಿ ಬಂದಿದ್ದನಂತೆ. ತುಟಿ ನೀಲಿಯಾಗಿತ್ತು. ಮರಿಸೆಲಾಳನ್ನು ನೋಡಿ ಮನೆಯ ಯಜಮಾನನ ಠೀವಿಯಲ್ಲಿ, "ಬನ್ನಿ ಬನ್ನಿ. ಒಲೆ ಚೆನ್ನಾಗಿ ಉರೀತಿದೆ, ನೋಡಿ," ಎನ್ನಲು ಹೋಗಿ ಕೆಮ್ಮಿದ. ಆ ಕೆಮ್ಮು ನಿಲ್ಲಲೇ ಇಲ್ಲ.

ನಾನು ಅವನ ಕಂಕುಳಿಗೆ ಕೈ ಹಾಕಿ ಎಬ್ಬಿಸಿ ಹೊರಗಿನ ಜಗಲಿಗೆ ಎಳೆತಂದೆ. ನನ್ನ ಗಂಡ ಇಷ್ಟು ಹಗುರವಾಗಿದ್ದಾನೆಂದು ಆಗಲೇ ತಿಳಿದದ್ದು. ಅವನನ್ನು ಹೊರಗೆ ಕರೆದೊಯ್ಯುವಾಗ ಬಳಸುವ ಸಣ್ಣ ಆಮ್ಲಜನಕದ ಸಿಲಿಂಡರ್ ತಂದು ಕೊಳವೆ ಹಾಕಿದೆ. ಒಳಗೆ ಮರಿಸೆಲಾ ಒಲೆಯ ಬಾಗಿಲು ಮುಚ್ಚಿ, ಗಾಳಿಕಿಂಡಿ ತಿರುಗಿಸಿ, ಕಿಟಕಿಗಳನ್ನೆಲ್ಲ ತೆರೆದಳು. ಇಂಥದೇ ಒಲೆಯ ಮನೆಯಲ್ಲಿ ಬೆಳೆದವಳು, ಕೈಗೆ ಕೆಲಸ ಗೊತ್ತಿತ್ತು. ಹತ್ತು ನಿಮಿಷಕ್ಕೆ ಡೆಲ್ಮರನ ತುಟಿಗೆ ಬಣ್ಣ ಬಂತು. ಆಸ್ಪತ್ರೆಗೆ ಹೋಗೋಣ ಎಂದರೆ ಕೈ ಆಡಿಸಿ ಬೇಡವೆಂದ.

"ಮೊದ್ಲು ಅವ್ರು ಕೇಳೋದು ಕೇಳ್ಲಿ," ಎಂದ.

ಮರಿಸೆಲಾ ಜಗಲಿಯ ಮೆಟ್ಟಿಲ ಮೇಲೆ ಕೂತು ಕಾಗದ ಬಿಚ್ಚಿದಳು. ನಮ್ಮಿಬ್ಬರನ್ನೂ ನೋಡಿ, ಅವನನ್ನೇ ಕೇಳಿದಳು, "ಒಲೆ ದಿನಾ ಉರಿಸ್ತೀರಾ?"

"ದಿನಾ," ಎಂದ ಡೆಲ್ಮರ್. ನಲವತ್ತೊಂದು ವರ್ಷದ ಸಂಸಾರದಲ್ಲಿ ಅವನ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು. ಅವಳು ನನ್ನ ಕಡೆ ತಿರುಗಿದಳು.

ಹೌದು ಎಂದುಬಿಟ್ಟರೆ ಪಂಪು ಬರುತ್ತದೆ. ಅವನು ಉಸಿರು ಕಟ್ಟಿಕೊಂಡು ಹಚ್ಚಿದ ಬೆಂಕಿ, ಅದಕ್ಕಾದರೂ ಹೌದು ಎನ್ನಬೇಕಿತ್ತು. ಬಾಯಿ ತೆಗೆದೆ. ಆದರೆ ಆ ನೀಲಿ ತುಟಿ ಕಣ್ಣ ಮುಂದೆ ಬಂದು ಮೈಯೆಲ್ಲ ಉರಿದುಹೋಯಿತು.

"ಇಲ್ಲ. ಎರಡು ವರ್ಷದಿಂದ ಹಚ್ಚಿಲ್ಲ. ನಿಮ್ಮ ಹಾಳು ಪಂಪಿಗೋಸ್ಕರ ಇವನು ಇವತ್ತು ಸಾಯೋಕೆ ಹೊರಟಿದ್ದ. ನಿಮ್ಮ ನಿಯಮನ ನೀವೇ ಇಟ್ಕೊಳ್ಳಿ. ಇಲ್ಲ ಅಂತ ಬರ್ಕೊಂಡು ಹೊರಡಿ."

ಡೆಲ್ಮರ್ ಕಣ್ಣು ಮುಚ್ಚಿದ. ಎಲ್ಲ ಮುಗಿಯಿತು, ನಾನೇ ಮುಗಿಸಿದೆ ಎಂದುಕೊಂಡೆ. ಮರಿಸೆಲಾ ಬರೆಯಲೂ ಇಲ್ಲ, ಏಳಲೂ ಇಲ್ಲ.

"ಉರಿಸೋದು ಯಾಕೆ ನಿಲ್ಲಿಸಿದ್ರಿ ಅಮ್ಮ?"

"ಕಣ್ಣು ಕಾಣಲ್ವಾ ನಿಂಗೆ? ಮೂಗಲ್ಲಿ ಇರೋದು ಏನು, ಒಡವೆನಾ?"

"ಕಾಣುತ್ತೆ. ನಿಮ್ಮ ಬಾಯಿಂದ ಬರ್ಬೇಕು, ಅದಕ್ಕೆ ಕೇಳ್ದೆ. ಡಾಕ್ಟರ್ ಹೇಳಿ ನಿಲ್ಲಿಸಿದ್ದಾ?"

"ಮತ್ತಿನ್ನೇನು, ಚಳೀಲಿ ನಡುಗೋಕೆ ಖುಷಿ ಅಂತ ನಿಲ್ಲಿಸಿದ್ವಾ?"

"ಡಾಕ್ಟರ್ ಹೇಳಿ ನಿಲ್ಲಿಸಿದ್ರೆ ಅದನ್ನ ಉರಿಯೋ ಒಲೆ ಅಂತಲೇ ತಗೋತೀವಿ. ಡಾಕ್ಟರ್ ಚೀಟಿ ಒಂದಿದ್ರೆ ಆಯ್ತು. ಫೋನ್ ಮಾಡಿದ್ದೋರು ಅದನ್ನೇ ಕೇಳೋಕೆ ಹೋದ್ರಂತೆ." ಅವಳು ತಲೆ ಬಗ್ಗಿಸಿ ಕಾಗದ ನೋಡಿದಳು. "ಅಷ್ಟರಲ್ಲಿ ಲೈನ್ ಕಟ್ ಆಯ್ತು ಅಂತ ಬರ್ದಿದಾರೆ."

ಲೈನ್ ಅದಾಗಿಯೇ ಕಟ್ ಆಗಿರಲಿಲ್ಲ ಎಂದು ಮೂವರಿಗೂ ಗೊತ್ತಿತ್ತು. ನನ್ನ ನಾಲಿಗೆ ಅರೆಕ್ಷಣ ಸುಮ್ಮನಿದ್ದಿದ್ದರೆ ಈ ಬೆಳಗ್ಗೆ ಅವನು ಆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಡೆಲ್ಮರ್ ಮಾತ್ರ ಮೂಗಿಗೆ ಕೊಳವೆ ಹಾಕಿಕೊಂಡೇ ಸದ್ದಿಲ್ಲದೆ ನಗುತ್ತಿದ್ದ, ಭುಜ ಕುಲುಕುತ್ತಿತ್ತು.

"ನಲವತ್ತೊಂದು ವರ್ಷದಿಂದ ಹೇಳ್ತಿದೀನಿ," ಎಂದು ಮರಿಸೆಲಾಳಿಗೆ ಹೇಳಿದ, "ಪೂರ್ತಿ ಕೇಳಿಸ್ಕೊಳ್ಳೇ ಅಂತ."

"ನೀನು ಬಾಯಿ ಮುಚ್ಕೊಂಡು ಉಸಿರಾಡು," ಎಂದೆ.

ಒಲೆ ಹಚ್ಚಬಾರದೆಂಬ ಡಾಕ್ಟರ ಚೀಟಿ ಫ್ರಿಜ್ಜಿನ ಬಾಗಿಲಿಗೇ ಅಂಟಿಸಿತ್ತು. ತಂದುಕೊಟ್ಟೆ. ಅವಳು ಅದರ ಫೋಟೋ ತೆಗೆದುಕೊಂಡು, ಎರಡು ವಾರದಲ್ಲಿ ಬಂದು ಹಾಕುತ್ತಾರೆ, ಹಿಮ ಬೀಳುವುದಕ್ಕೆ ಮುಂಚೆ ಆಗುತ್ತದೆ ಎಂದಳು. ನಾನು ತಲೆಯಾಡಿಸಿದೆ.

"ಕೊನೇದು ಒಂದಿದೆ," ಎಂದಳು. "ಚಳಿಯಿಂದ ಆರೋಗ್ಯಕ್ಕೆ ಅಪಾಯ ಇರೋರು ಮನೇಲಿ ಯಾರು? ಹೆಸರು, ವಯಸ್ಸು."

"ಡೆಲ್ಮರ್. ಎಪ್ಪತ್ತೆರಡು," ಎಂದೆ.

"ಇನ್ನೊಂದು ಹೆಸರಿದೆ," ಎಂದ ಡೆಲ್ಮರ್. "ವರ್ನಾ."

"ಏನು ತಲೆ ಕೆಟ್ಟಿದೆಯಾ? ನನಗೇನಾಗಿದೆ?"

ಅವನು ನನ್ನ ಕಡೆ ನೋಡಲಿಲ್ಲ. ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ ಮರಿಸೆಲಾಳಿಗೇ ಹೇಳಿದ. "ಚಳಿಗಾಲ ಪೂರ್ತಿ ನಸುಕಿಗೆ ಎದ್ದು ಬರ್ತಾಳೆ. ತನ್ನ ರಜಾಯಿ ತಂದು ನನ್ನ ಮೇಲೆ ಹಾಕ್ತಾಳೆ. ಆಮೇಲೆ ಬೆಳಕು ಹರಿಯೋ ತನಕ ಅಡುಗೆಮನೇಲಿ ಕೋಟು ಹಾಕ್ಕೊಂಡು ಕೂತಿರ್ತಾಳೆ. ಹಲ್ಲು ಕಟಕಟ ಅನ್ನೋದು ನನ್ನ ಕೋಣೆಗೆ ಕೇಳ್ಸುತ್ತೆ. ನಾನು ನಿದ್ದೆ ಬಂದೋನ ಹಾಗೆ ಬಿದ್ಕೊಂಡಿರ್ತೀನಿ. ಬೇಡ ಅಂದ್ರೆ ಜಗಳಕ್ಕೆ ಬರ್ತಾಳೆ, ಜಗಳ ಆಡೋಕೆ ನನ್ನತ್ರ ಉಸಿರಿಲ್ಲ. ಒಲೆ ಹಚ್ಚಿದ್ದು ಅದಕ್ಕೇ. ನನಗೋಸ್ಕರ ಅಲ್ಲ."

ಎರಡು ವರ್ಷ ನಾನು ಬೆಕ್ಕಿನ ಹಾಗೆ ಹೆಜ್ಜೆಯಿಟ್ಟು ಓಡಾಡಿದ್ದೆ. ಅವನು ಎರಡು ವರ್ಷವೂ ಎಚ್ಚರವಿದ್ದ.

"ವಯಸ್ಸು ಎಷ್ಟಮ್ಮ?" ಎಂದು ಮರಿಸೆಲಾ ಮೆಲ್ಲಗೆ ಕೇಳಿದಳು. ಅವಳು ಪೆನ್ನು ಹಿಡಿದು ಕಾದಳು.

"ಅರವತ್ತೆಂಟು," ಎಂದ ಡೆಲ್ಮರ್. "ಬರ್ಕೊಳ್ಳಿ. ನನ್ನ ಹೆಸರಿಗಿಂತ ಮೇಲೆ ಬರೀರಿ."