ವಿಶ್ರಾಂತಿಯಲ್ಲಿರುವವರು

ಹಗಲೆಲ್ಲ ಆಸ್ಪತ್ರೆಯಲ್ಲಿ ದುಡಿದು, ಸಂಜೆ ಚರ್ಚಿನ ಕಸ ಗುಡಿಸಿ, ಭಾನುವಾರ ಮಕ್ಕಳಿಗೆ ಪಾಠ ಹೇಳಿ, ಹತ್ತೊಂಬತ್ತು ವರ್ಷ ದೇವರ ಹೆಸರಿನಲ್ಲಿ ಕತ್ತೆ ಚಾಕರಿ ಮಾಡಿದ ನರ್ಸಮ್ಮ ಕೊನೆಗೆ ವಾರ್ಡಿನಲ್ಲೇ ಕುಸಿದುಬಿದ್ದಳು. ಡಾಕ್ಟರು ಒಂದು ತಿಂಗಳು ಹಾಸಿಗೆ ಬಿಟ್ಟೇಳಬಾರದೆಂದರು. ಗಂಡ ಚರ್ಚಿಗೆ ಚೀಟಿ ಕಳಿಸಿದ: ‘ನನ್ನ ಹೆಂಡತಿ ವಿಶ್ರಾಂತಿಯಲ್ಲಿದ್ದಾಳೆ, ಪ್ರಾರ್ಥಿಸಿ.’

ಆ ಚರ್ಚಿನವರ ಬಾಯಲ್ಲಿ ವಿಶ್ರಾಂತಿ ಎಂದರೆ ಸಾವು. ಬದುಕಿರುವವರಿಗೆ ಅದು ಸಿಕ್ಕಿದ್ದನ್ನು ಯಾರೂ ಕಂಡಿರಲಿಲ್ಲವಲ್ಲ! ಚರ್ಚಿನ ವಾರಪತ್ರ ಅಚ್ಚು ಮಾಡಿಸುವ ಗುಮಾಸ್ತ ಅವಳನ್ನು ತೀರಿಕೊಂಡವರ ಪಟ್ಟಿಗೆ ಸೇರಿಸಿಬಿಟ್ಟ.

ಭಾನುವಾರ ಆರಾಧನೆ ಮುಗಿಯುತ್ತಲೇ ಸಭೆಯ ಹಿರಿಯರ ಫೋನು ಬಂತು. ಗಂಡ ಸ್ನಾನಕ್ಕೆ ಹೋಗಿದ್ದರಿಂದ ನರ್ಸಮ್ಮನೇ ಎತ್ತಿದಳು.

“ನೀವು ಅವರ ತಂಗಿನಾ? ಅಕ್ಕನ ವಿಷಯ ಕೇಳಿ ತುಂಬಾ ದುಃಖ ಆಯ್ತಮ್ಮ. ಅಂದಹಾಗೆ, ಚರ್ಚಿನ ಉಗ್ರಾಣದ ಬೀಗದ ಕೈ ಎಲ್ಲಿಟ್ಟು ಹೋಗಿದ್ದಾರೆ?”

“ನಾನೇ ಮಾತಾಡ್ತಿರೋದು. ಸತ್ತಿಲ್ಲ.”

“ದೇವರಿಗೆ ಸ್ತೋತ್ರ! ಹಾಗಾದ್ರೆ ಸಂಜೆ ಗುಡಿಸೋಕೆ ಬರ್ತೀರಲ್ಲ?”

ನರ್ಸಮ್ಮನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

“ಯೇಸುಸ್ವಾಮಿನೂ ಮೂರನೇ ದಿನಕ್ಕೇ ಎದ್ದಿದ್ದು, ಹಿರಿಯರೇ. ಅಲ್ಲೀವರೆಗೂ ಪೊರಕೆ ಹಿಡ್ಕೊಂಡು ಯಾರೂ ಸಮಾಧಿ ಬಾಗಿಲು ತಟ್ಟಲಿಲ್ಲ.”