ಬಂಡಮ್ಮನ ಕಾಲ್ಗುಣ

"ಚಪ್ಪಲ್ ಕಳಿ, ರಂಡಿ! ಚಪ್ಪಲ್ ಮೆಟ್ಕೊಂಡು ಬಿತ್ತೋ ಹೊಲಕ್ಕ ಬರ್ತಿ?"

ದಿಗಂಬರ ಪಾಟೀಲ ಬದುವಿನ ಮೇಲೆ ನಿಂತು ಕಿರುಚಿದ. ಕುರಿ ಕಾಯುವ ಬಂಡಮ್ಮ ಬಲಗಾಲಿನ ಚಪ್ಪಲಿ ಕಳಚಿದಳು. ಹಿಮ್ಮಡಕ್ಕೆ ಸುತ್ತಿದ್ದ ಬಟ್ಟೆ ರಕ್ತಕ್ಕೆ ಅಂಟಿಕೊಂಡಿತ್ತು.

ಆ ಹಿಮ್ಮಡದ ಅಡಿಯಲ್ಲಿ ಮೊದಲು ಎಳ್ಳುಕಾಳಿನಷ್ಟು ಕರಿ ಮಚ್ಚೆ ಇತ್ತು. ಒಂದು ವರ್ಷ ಅವಳು ಹೊಲ ಹಾಯ್ದುಹೋದ ಮೇಲೆ ಪಾಟೀಲನ ಸೋಯಾ ಹುಲುಸಾಗಿ ಬಂತು. "ಇದು ಲಕ್ಷ್ಮೀ ಕಾಲು" ಎಂದ ಪುರೋಹಿತ. ಅಂದಿನಿಂದ ಬಿತ್ತನೆಗೆ ಮೊದಲು ಬಂಡಮ್ಮ ಬರಿಗಾಲಲ್ಲಿ ಹೊಲ ತುಳಿಯಬೇಕು. ತುಳಿದದ್ದಕ್ಕೆ ಅರ್ಧ ತೆಂಗಿನಕಾಯಿ. ಅದೇ ಕಾಲು ಪಾಟೀಲನ ಪಡಸಾಲೆ ಮಾತ್ರ ಹತ್ತುವಂತಿಲ್ಲ, ಕುರಿ ವಾಸನೆಯಂತೆ.

ಎರಡು ಮಳೆಗಾಲದಲ್ಲಿ ಮಚ್ಚೆ ಹುಣಸೆ ಬೀಜದಷ್ಟಾಯಿತು. ಅಂಚು ಹರಿದಂತೆ, ಒಂದು ಕಡೆ ಕಪ್ಪು, ಇನ್ನೊಂದು ಕಡೆ ನೀಲಿ. ಆಮೇಲೆ ಒಡೆದು ಮಾಯಲೇ ಇಲ್ಲ. ಪಾಟೀಲನ ಹೆಂಡತಿ ಕಸ್ತೂರಬಾಯಿಗೆ ಖುಷಿಯೋ ಖುಷಿ.

"ಮಚ್ಚಿ ಬೆಳದಂಗ ನಮ್ಮ ಸಿರಿ, ನಮ್ಮ ಬರ್ಕತ್ ಬೆಳೀತದ. ಭಂಡಾರದ ಅರಿಶಿಣ ಹಚ್ಚವ್ವ, ಮಾಯ್ತದ."

ಅದೇ ವಾರ ಪಾಟೀಲನ ದೇವಣಿ ತಳಿಯ ಎತ್ತು ಕುಂಟಿದಾಗ, ತಾಸಿನೊಳಗೆ ದನದ ಡಾಕ್ಟರು ಮನೆ ಬಾಗಿಲಿಗೆ ಬಂದಿದ್ದರು.

ಕೊನೆಗೆ ಬಂಡಮ್ಮ ತಾನೇ ಉದಗೀರಿನ ಆಸ್ಪತ್ರೆಗೆ ಹೋದಳು. ಡಾಕ್ಟರ್ ಅನುಸೂಯಾ ಆ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ನೋಡಿದರು.

"ಇದೇನಂತಾರ ನಿಮ್ಮೂರಾಗ?"

"ಕಾಲ್ಗುಣ ಅಂತಾರ್ರೀ."

"ಚರ್ಮದ ಕ್ಯಾನ್ಸರ್ ಇದ್ದೀತು ಅಕ್ಕಾ. ಚೂರು ಕೊಯ್ದು ತಪಾಸಣಿಗಿ ಕಳಸ್ತೀನಿ."

ವರದಿಯೂ ಅದನ್ನೇ ಹೇಳಿತು. "ರೋಗ ತೊಡಿ ಸಂದಿನ ಗಂಟಿಗಿ ಇನ್ನಾ ಹಬ್ಬಿದಂಗ ಕಾಣಂಗಿಲ್ಲ. ಸುತ್ತ ಅಗಲಾಗಿ ಕೊಯ್ದು ತಗದ್ರ ಉಳೀತಿ. ತಡಾ ಮಾಡಬ್ಯಾಡ" ಎಂದು ಆಪರೇಷನ್ನಿಗೆ ದಿನ ಕೊಟ್ಟರು. ಆ ದಿನ ಇವತ್ತು, ಹತ್ತು ಗಂಟೆಗೆ. ಪಾಟೀಲನ ಬಿತ್ತನೆ ಮುಹೂರ್ತವೂ ಹತ್ತಕ್ಕೇ.

"ನಾ ಹೊಲ ತುಳ್ಯಾಕ ಬಂದಿಲ್ಲ, ಮಾಲಕ್ರ. ಇದ ಹಾದ್ಯಾಗ ಉದಗೀರಕ್ಕ ಹೊಂಟೀನಿ, ಇದನ್ನ ಕೊಯ್ಸಾಕ."

"ನನ್ನ ಹೊಲದ ಲಕ್ಷ್ಮೀನ ಕೊಯ್ಸ್ತಿ? ಅಕ್ಕಲ್ ಅದ ಏನ್ ನಿನಗ? ಮೊದಲ ತುಳಿ, ಆಮ್ಯಾಲ ಎಲ್ಲ್ಯಾರ ಸಾಯಿ!"

ಬಂಡಮ್ಮ ನಕ್ಕುಬಿಟ್ಟಳು. "ಎತ್ತಿನ ಗೊರಸಿಗಿ ಡಾಕ್ಟರು, ಲಕ್ಷ್ಮೀಗಿ ಅರಿಶಿಣ ಪುಡಿ! ಭಾಳ ಶಾಣ್ಯಾ ಇದ್ದೀರಿ ಬಿಡ್ರಿ."

ಹೊಲಕ್ಕೆ ಬೆನ್ನು ಹಾಕಿ, ಕುಂಟುತ್ತ ಹೋಗಿ ಬದುವಿನ ಪಕ್ಕ ನಿಂತಿದ್ದ ಪಾಟೀಲನ ಜೀಪಿನ ಮುಂದಿನ ಸೀಟಿನಲ್ಲಿ ಕೂತಳು. ಅದು ಪಾಟೀಲನ ಜಾಗ. ರಕ್ತದ ಹಿಮ್ಮಡವನ್ನು ಎತ್ತಿ ಎದುರಿನ ಗಾಜಿಗೆ ಒತ್ತಿದಳು.

"ಇಳಿ! ಇಳೀತಿಯೋ ಎಳೀಲೋ?"

"ಎಳೀರಿ. ಬಿತ್ತೋ ದಿನ ಲಕ್ಷ್ಮೀನ ರಟ್ಟಿ ಹಿಡದು ಹೊರಗ ಹಾಕ್ರಿ. ನೋಡಮು ನಿಮ್ಮ ಬರ್ಕತ್."

ಪಾಟೀಲನ ಕೈ ಅರ್ಧಕ್ಕೇ ನಿಂತಿತು. ಅವನು ಮುಹೂರ್ತಕ್ಕೆ ಬಂದಿದ್ದ ಪುರೋಹಿತನ ಮುಖ ನೋಡಿದ. ಪುರೋಹಿತ ನೆಲ ನೋಡಿದ.

"ಸಿದ್ದರಾಮಣ್ಣಾ, ಹೊಡಿ" ಎಂದಳು ಬಂಡಮ್ಮ, ಪಕ್ಕದಲ್ಲೇ ಕೂತಿದ್ದ ಡ್ರೈವರನಿಗೆ. "ಲಕ್ಷ್ಮಿ ಊರು ಬಿಟ್ಟು ಹೊಂಟಾಳ."

ಸಿದ್ದರಾಮ ಮಾಲಕನ ಕಡೆ ತಿರುಗಲಿಲ್ಲ. ಗಾಜಿನ ಮೇಲೆ ಇಳಿಯುತ್ತಿದ್ದ ರಕ್ತವನ್ನು ನೋಡಿ, ಗೇರು ಹಾಕಿದ.